ಕಾರ್ಖಾನೆಯ ಗಣಕಯಂತ್ರವು ಮುಪ್ಪಾದಾಗ

ಒಂಟಿ ಹಳಿಯ ರೈಲುಮಾರ್ಗದಲ್ಲಿ ಪ್ರಯಾಣ ಮಾಡಿದ ಹಿರಿಯರು ಒಂದು ದೃಶ್ಯವನ್ನು ಮರೆತಿರಲಾರರು. ಗಾಡಿಯು ನಿಲ್ದಾಣವನ್ನು ಬಿಡುವ ಹೊತ್ತಿಗೆ, ದೊಡ್ಡದೊಂದು ಬಳೆಗೆ ಕಟ್ಟಿದ ಚರ್ಮದ ಚೀಲವನ್ನು ಎಂಜಿನಿನವನ ಕೈಗೆ ಒಪ್ಪಿಸುತ್ತಿದ್ದರು. ಆ ಚೀಲದಲ್ಲಿದ್ದುದು ಒಂದು ಲೋಹದ ಗುಂಡು. ಅದಕ್ಕೆ ಟೋಕನ್ ಎಂದು ಹೆಸರು. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರವಿದ್ದು, ಅವೆರಡಕ್ಕೂ ತಂತಿಯ ಸಂಬಂಧವಿರುತ್ತಿತ್ತು. ಒಂದು ಯಂತ್ರದಿಂದ ಒಂದು ಗುಂಡನ್ನು ತೆಗೆದರೆ, ಅದನ್ನು ಎರಡರಲ್ಲಿ ಯಾವುದಾದರೊಂದಕ್ಕೆ ಹಿಂದಿರುಗಿಸುವವರೆಗೆ ಇನ್ನೊಂದು ಗುಂಡು ಹೊರಬರುವಂತಿರಲಿಲ್ಲ. ಗುಂಡಿಲ್ಲದ ಗಾಡಿ ಮುಂದುವರಿಯುವಂತಿಲ್ಲ. ಹೊರಗಿರುವ ಗುಂಡು ಒಂದೇ. ಆದುದರಿಂದ ಹಳಿಯ ಮೇಲೆ ಗಾಡಿಯೂ ಒಂದೇ. ಗುಂಡು ಕಳೆದುಹೋಯಿತೆಂದರೆ ಇಡೀ ಮಾರ್ಗಕ್ಕೆ ತೊಂದರೆ ತಪ್ಪಿದ್ದಲ್ಲ.

ಇಂದಿನ ಕಾರ್ಖಾನೆಗಳಲ್ಲಿ ಈ ಗುಂಡಿನ ದಾಯಾದಿಯೊಂದು ಕಣ್ಣಿಗೆ ಕಾಣದ ರೂಪದಲ್ಲಿ ಇದೆ. ಯಂತ್ರಗಳನ್ನು ಆಳುವ ತಂತ್ರಾಂಶವನ್ನು ಹಳೆಯ ಗಣಕಯಂತ್ರದಿಂದ ಹೊಸದಕ್ಕೆ ಸಾಗಿಸಬೇಕಾಗಿ ಬಂದಾಗ ಅದರ ಇರವು ತಿಳಿಯುತ್ತದೆ. ಮನೆಯ ಗಣಕದಿಂದ ಹಾಡುಗಳನ್ನೂ ಚಿತ್ರಗಳನ್ನೂ ನಕಲು ಮಾಡಿಕೊಳ್ಳುವಷ್ಟು ಸುಲಭದ ಕೆಲಸ ಇದಲ್ಲ. ಏಕೆ ಅಲ್ಲ ಎಂಬುದನ್ನು ವಿಚಾರಿಸೋಣ.

ಮೊದಲು ಆಳುವ ಯಂತ್ರದ ಪರಿಚಯವಾಗಬೇಕು. 1960ರ ದಶಕದವರೆಗೆ ಕಾರ್ಖಾನೆಗಳ ಸ್ವಯಂಚಾಲಿತ ನಿಯಂತ್ರಣವು ಬಹುಮಟ್ಟಿಗೆ ರಿಲೇಗಳ ಮೂಲಕ ನಡೆಯುತ್ತಿತ್ತು. ರಿಲೇ ಎಂದರೆ ವಿದ್ಯುತ್ಕಾಂತದಿಂದ ಮುಚ್ಚಿ ತೆರೆಯುವ ಸ್ವಿಚ್ಚು. ಇಂಥವನ್ನು ನೂರಾರು ಸಂಖ್ಯೆಯಲ್ಲಿ ಕಪಾಟುಗಳಲ್ಲಿ ಜೋಡಿಸಿ, ‘ತೊಟ್ಟಿ ತುಂಬಿದರೆ ಪಂಪು ನಿಲ್ಲಲಿ, ಬಾಗಿಲು ಮುಚ್ಚಿದ್ದರೆ ಮಾತ್ರ ಚಕ್ರ ತಿರುಗಲಿ’ ಎಂಬ ನಿಯಮಗಳನ್ನು ತಂತಿಗಳಿಂದಲೇ ಹೆಣೆಯುತ್ತಿದ್ದರು. ನಿಯಮ ಬದಲಾದರೆ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕು. ಕಾರುಗಳ ಮಾದರಿಯನ್ನು ಮೇಲಿಂದ ಮೇಲೆ ಬದಲಿಸುತ್ತಿದ್ದ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಗೆ ಇದರಿಂದ ಬೇಸರ ಬಂದಿತು. ರಿಲೇಗಳ ಸ್ಥಾನದಲ್ಲಿ ನಿಲ್ಲಬಲ್ಲ, ನಿಯಮಗಳನ್ನು ಬರೆದು ಅಳಿಸಬಲ್ಲ ವಿದ್ಯುನ್ಮಾನ ಯಂತ್ರವೊಂದು ಬೇಕೆಂದು ಅದರ ಹೈಡ್ರಾಮ್ಯಾಟಿಕ್ ವಿಭಾಗವು 1968ರಲ್ಲಿ ಕೇಳಿತು. ಮ್ಯಾಸಚೂಸೆಟ್ಸಿನ ಬೆಡ್‌ಫರ್ಡ್ ಅಸೋಸಿಯೇಟ್ಸ್ ಎಂಬ ಸಣ್ಣ ಸಂಸ್ಥೆಯಲ್ಲಿ ಡಿಕ್ ಮಾರ್ಲೆಯೂ ಅವರ ಸಂಗಡಿಗರೂ ರಚಿಸಿದ ‘ಮಾಡಿಕಾನ್ 084’ ಹೀಗೆ ಹುಟ್ಟಿತು. ಅದು ಆ ಸಂಸ್ಥೆಯ 84ನೆಯ ಯೋಜನೆಯಾದುದರಿಂದ ಆ ಸಂಖ್ಯೆ. ಈ ಜಾತಿಯ ಯಂತ್ರಗಳಿಗೆ ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್, ಚಿಕ್ಕದಾಗಿ ಪಿ.ಎಲ್.ಸಿ. ಎಂದು ಹೆಸರು.

ಪಿ.ಎಲ್.ಸಿ. ಮಾಡುವ ಕೆಲಸ ಬಹು ಸರಳ. ಮೊದಲು ತನಗೆ ಜೋಡಿಸಿದ ಸ್ವಿಚ್ಚುಗಳ, ಉಷ್ಣಮಾಪಕಗಳ ಸ್ಥಿತಿಯನ್ನು ಓದಿಕೊಳ್ಳುವುದು. ತನ್ನೊಳಗಿನ ನಿಯಮಗಳನ್ನು ಮೊದಲಿಂದ ಕೊನೆಯವರೆಗೆ ಲೆಕ್ಕ ಹಾಕುವುದು. ಫಲಕ್ಕೆ ತಕ್ಕಂತೆ ಮೋಟಾರು, ಕವಾಟಗಳಿಗೆ ಆಜ್ಞೆ ಕೊಡುವುದು. ಮತ್ತೆ ಮೊದಲಿಗೆ ಹಿಂದಿರುಗುವುದು. ಒಂದು ಸುತ್ತಿಗೆ ಹಿಡಿಯುವ ಕಾಲ ಸೆಕೆಂಡಿನ ಸಾವಿರ ಭಾಗಗಳಲ್ಲಿ ಕೆಲವು ಮಾತ್ರ. ಹಗಲೂ ರಾತ್ರಿಯೂ, ಇಪ್ಪತ್ತು ವರ್ಷವಾದರೂ, ಬೇಸರವಿಲ್ಲದೆ ಇದೇ ಜಪ.

ಆದರೆ ಇದಕ್ಕೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ನಿಯಮಗಳನ್ನು ಬರೆಯಲು, ತಿದ್ದಲು, ಒಳಗೆ ಏನು ನಡೆಯುತ್ತಿದೆ ಎಂದು ಇಣಿಕಿ ನೋಡಲು, ತಯಾರಕರೇ ಮಾರುವ ತಂತ್ರಾಂಶವುಳ್ಳ ಸಾಧಾರಣ ಗಣಕಯಂತ್ರವೊಂದು ಬೇಕು. ತೊಡಕಿನ ಬೀಜ ಇರುವುದು ಇಲ್ಲಿಯೇ. ಪಿ.ಎಲ್.ಸಿ. ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ. ಜರ್ಮನಿಯ ಸೀಮೆನ್ಸ್ ಸಂಸ್ಥೆಯು 1979ರಲ್ಲಿ ಹೊರತಂದ ‘ಸಿಮ್ಯಾಟಿಕ್ ಎಸ್ 5’ ಕುಟುಂಬದ ಯಂತ್ರಗಳು ಹೊಸ ಶತಮಾನದಲ್ಲಿಯೂ ಎಷ್ಟೋ ಕಡೆ ಕೆಲಸ ಮಾಡುತ್ತಿದ್ದುವು. ಗಣಕಯಂತ್ರದ ಆಯುಸ್ಸಾದರೋ ಅದರ ಕಾಲುಭಾಗ. ಅದರ ತಟ್ಟೆ ತಿರುಗಿ ತಿರುಗಿ ಸವೆಯುತ್ತದೆ. ವಿದ್ಯುತ್ ಪೂರೈಸುವ ಭಾಗದ ಕೆಪಾಸಿಟರುಗಳೊಳಗಿನ ದ್ರವ ಒಣಗುತ್ತದೆ. ಅದರ ಕಾರ್ಯವ್ಯವಸ್ಥೆಗೆ ತಯಾರಕರ ಪೋಷಣೆ ನಿಲ್ಲುತ್ತದೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಹೀಗೆ ಪೋಷಣೆ ನಿಂತಿತು. ಎತ್ತಿಗಿಂತ ಗಾಡಿ ಗಟ್ಟಿ. ಎತ್ತನ್ನು ಮಾತ್ರ ಆಗಾಗ ಬದಲಿಸಬೇಕು.

ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದು: ಪಿ.ಎಲ್.ಸಿ. ತನ್ನಷ್ಟಕ್ಕೆ ತಾನು ನಡೆಯುತ್ತಿರುವಾಗ, ಬರೆಯುವ ಗಣಕ ಕೆಟ್ಟರೆ ಕೆಡಲಿ, ನಷ್ಟವೇನು? ಪ್ರಶ್ನೆ ಒಳ್ಳೆಯದೇ. ಬಹುಮಂದಿ ಕಾರ್ಖಾನೆಯವರು ಇದೇ ಧೈರ್ಯದಿಂದ ವರ್ಷಗಳನ್ನು ಕಳೆಯುತ್ತಾರೆ. ಆದರೆ ಹಳೆಯ ಪಿ.ಎಲ್.ಸಿ.ಗಳಲ್ಲಿ ನಿಯಮಗಳಿರುವ ಸ್ಮೃತಿಯನ್ನು ಒಂದು ಸಣ್ಣ ಬ್ಯಾಟರಿ ಕಾಪಾಡುತ್ತಿರುತ್ತದೆ. ಅದು ಮುಗಿದಿರುವಾಗ ವಿದ್ಯುತ್ತು ಹೋದರೆ ನಿಯಮಗಳೆಲ್ಲ ಅಳಿಸಿಹೋಗುತ್ತವೆ. ಮತ್ತೆ ತುಂಬಲು ಆ ಗಣಕವೇ ಬೇಕು.

‘ಇರಲಿ, ಪಿ.ಎಲ್.ಸಿ.ಯೊಳಗಿನ ನಿಯಮಗಳನ್ನು ಈಗಲೇ ಹೊರಗೆ ಎಳೆದಿಟ್ಟುಕೊಂಡರಾಯಿತು’ ಎನ್ನಬಹುದು. ಇಲ್ಲಿಯೂ ಒಂದು ಸಂಗತಿಯನ್ನು ಅರಿಯಬೇಕು. ಬರೆದವನು ತನ್ನ ಗಣಕದಲ್ಲಿ ಪ್ರತಿಯೊಂದು ಸಂಕೇತಕ್ಕೂ ಹೆಸರಿಟ್ಟಿರುತ್ತಾನೆ: ಇದು ‘ಬಾಯ್ಲರಿನ ಕೆಳಮಟ್ಟದ ಸ್ವಿಚ್ಚು’, ಇದು ‘ಎರಡನೆಯ ಪಂಪು’ ಎಂದು, ಪಕ್ಕದಲ್ಲಿ ಟಿಪ್ಪಣಿಯನ್ನೂ ಬರೆದಿರುತ್ತಾನೆ. ಎಸ್ 5 ಯಂತ್ರಗಳಲ್ಲಿಯೂ, ಅವುಗಳ ತರುವಾಯ ಬಂದ ಎಸ್ 7-300 ಮೊದಲಾದುವುಗಳಲ್ಲಿಯೂ ಈ ಹೆಸರುಗಳೂ ಟಿಪ್ಪಣಿಗಳೂ ಪಿ.ಎಲ್.ಸಿ.ಗೆ ಹೋಗುವುದಿಲ್ಲ, ಅವು ಗಣಕದ ತಟ್ಟೆಯ ಮೇಲೆ ಮಾತ್ರ ಇರುತ್ತವೆ. ಪಿ.ಎಲ್.ಸಿ.ಯಿಂದ ಹಿಂದಕ್ಕೆ ಓದಿದರೆ ಸಿಕ್ಕುವುದು ಬರಿಯ ಎಲುಬಿನ ಗೂಡು: ‘ಐ 3.4 ಮುಚ್ಚಿದ್ದು, ಎಫ್ 10.2 ತೆರೆದಿದ್ದರೆ ಕ್ಯೂ 4.1ನ್ನು ನಡೆಸು’ ಎಂಬ ಸಾವಿರಾರು ಸಾಲುಗಳು. ಎಫ್ 10.2 ಏನೆಂದು ಹೇಳಬಲ್ಲವನು ಹತ್ತು ವರ್ಷಗಳ ಹಿಂದೆಯೇ ನಿವೃತ್ತನಾಗಿದ್ದಾನೆ. ಅದು ಬಾಯ್ಲರು ಒಡೆಯದಂತೆ ತಡೆಯುವ ರಕ್ಷಣಾನಿಯಮವೇ, ಅಥವಾ ಎಂದೋ ತೆಗೆದುಹಾಕಿದ ದೀಪದ ಗುರುತೇ? ಊಹೆಯಿಂದ ತಿದ್ದುವ ಧೈರ್ಯ ಯಾರಿಗಿದೆ?

ಆದುದರಿಂದ ಹಳೆಯ ಗಣಕದಲ್ಲಿ ಕಾಪಾಡಬೇಕಾದ ವಸ್ತುಗಳು ಮೂರು: ನಿಯಮಗಳ ಮೂಲಪ್ರತಿ, ಅದನ್ನು ತೆರೆಯಬಲ್ಲ ತಂತ್ರಾಂಶ, ಆ ತಂತ್ರಾಂಶವನ್ನು ಬಳಸುವ ಪರವಾನಗಿ. ಮೊದಲಿನ ಎರಡನ್ನು ನಕಲು ಮಾಡಬಹುದು. ಮೂರನೆಯದೇ ನಾವು ಮೊದಲಿಗೆ ಹೇಳಿದ ಗುಂಡು.

ಕಾಣದ ಗುಂಡು

ತಂತ್ರಾಂಶವನ್ನು ಕೊಂಡವನು ನಿಜವಾಗಿ ಕೊಳ್ಳುವುದು ಬಳಸುವ ಹಕ್ಕನ್ನು; ಅದೂ ಸಾಮಾನ್ಯವಾಗಿ ಒಂದೇ ಗಣಕದಲ್ಲಿ ಬಳಸುವ ಹಕ್ಕನ್ನು. ಒಬ್ಬನು ಕೊಂಡು ಹತ್ತು ಮಂದಿಗೆ ಹಂಚದಂತೆ ತಯಾರಕರು ನಾನಾ ಉಪಾಯಗಳನ್ನು ಹೂಡಿದರು. ಸೀಮೆನ್ಸಿನ ಸ್ಟೆಪ್ 7 ತಂತ್ರಾಂಶದ ಹಳೆಯ ಆವೃತ್ತಿಗಳೊಡನೆ ಒಂದು ಫ್ಲಾಪಿ ತಟ್ಟೆ ಬರುತ್ತಿತ್ತು. ಅದರಲ್ಲಿದ್ದ ‘ಅಧಿಕಾರಪತ್ರ’ವನ್ನು ಒಂದು ವಿಶೇಷ ಪ್ರೋಗ್ರಾಮಿನ ಮೂಲಕ ಗಣಕದ ತಟ್ಟೆಗೆ ಸಾಗಿಸಬೇಕು, ಸಾಗಿಸಿದೊಡನೆ ಫ್ಲಾಪಿಯಲ್ಲಿದ್ದುದು ಖಾಲಿಯಾಗುತ್ತದೆ. ಮತ್ತೆ ಫ್ಲಾಪಿಗೆ ಹಿಂದಿರುಗಿಸಿದರೆ ಗಣಕದಲ್ಲಿದ್ದುದು ಹೋಗುತ್ತದೆ. ಅಮೆರಿಕದ ರಾಕ್‌ವೆಲ್ ಸಂಸ್ಥೆಯ ಹಳೆಯ ತಂತ್ರಾಂಶಗಳಲ್ಲಿಯೂ ಕ್ರಮ ಇದೇ. ಗುಂಡು ಎರಡು ಯಂತ್ರಗಳಲ್ಲಿ ಒಂದರಲ್ಲಿ ಮಾತ್ರ ಇರಬಲ್ಲದು.

ಫ್ಲಾಪಿಯನ್ನೇ ಮೊದಲು ನಕಲು ಮಾಡಿಟ್ಟುಕೊಂಡರೆ? ಮೂರೂವರೆ ಅಂಗುಲದ ಫ್ಲಾಪಿಯ ಪ್ರತಿ ಮುಖದಲ್ಲಿ 80 ವೃತ್ತಪಥಗಳೂ, ಪ್ರತಿಯೊಂದು ಪಥದಲ್ಲಿ 18 ಖಂಡಗಳೂ, ಪ್ರತಿಯೊಂದು ಖಂಡದಲ್ಲಿ 512 ಬೈಟುಗಳೂ ಇರುತ್ತವೆ. ಎರಡು ಮುಖಗಳಿಂದ ಒಟ್ಟು 14,74,560 ಬೈಟುಗಳು. ಗಣಕದ ಸಾಧಾರಣ ನಕಲು ಆಜ್ಞೆಯು ಕಡತಗಳ ಪಟ್ಟಿಯಲ್ಲಿರುವ ಕಡತಗಳನ್ನು ಮಾತ್ರ ಓದುತ್ತದೆ. ರಹಸ್ಯವನ್ನು ಪಟ್ಟಿಯ ಹೊರಗೆ, ಅಥವಾ ಬೇಕೆಂದೇ ‘ಕೆಟ್ಟ ಖಂಡ’ ಎಂದು ಗುರುತು ಮಾಡಿದ ಜಾಗದಲ್ಲಿ ಅಡಗಿಸಿಟ್ಟರೆ ಅದು ನಕಲಿಗೆ ಸಿಕ್ಕುವುದಿಲ್ಲ. ಗಣಕದ ದೊಡ್ಡ ತಟ್ಟೆಯ ಮೇಲೂ ಇಂಥದೇ ಏರ್ಪಾಡು: ಪರವಾನಗಿಯು ಒಂದು ನಿರ್ದಿಷ್ಟ ಸ್ಥಳದಲ್ಲಿ ಕುಳಿತಿರುತ್ತದೆ. ತಟ್ಟೆಯ ಕಡತಗಳನ್ನು ಒಪ್ಪವಾಗಿ ಜೋಡಿಸುವ ಪ್ರೋಗ್ರಾಮನ್ನು ನಡೆಸಿ ಆ ಸ್ಥಳವನ್ನು ಕದಲಿಸಿದರೆ ಪರವಾನಗಿ ಸತ್ತಂತೆಯೇ. ಮನೆಯನ್ನು ಗುಡಿಸಿ ಸಾರಿಸಿದ್ದಕ್ಕೆ ಮನೆಯೊಡೆಯನನ್ನೇ ಹೊರಹಾಕಿದ ಹಾಗೆ!

ಒಂದು ಕಾರ್ಖಾನೆಯಲ್ಲಿ ನಾನು ಕಂಡುದನ್ನು ಹೇಳುತ್ತೇನೆ, ಹೆಸರು ಬೇಡ. ಅಲ್ಲಿನ ಶ್ರದ್ಧಾವಂತ ತರುಣನೊಬ್ಬನು ಹಳೆಯ ಗಣಕದ ಕಡತಗಳನ್ನೆಲ್ಲ ಹೊಸದಕ್ಕೆ ನಕಲು ಮಾಡಿ, ಹಳೆಯ ತಟ್ಟೆಯನ್ನು ಅಳಿಸಿ, ಪೆಟ್ಟಿಗೆಯನ್ನು ಗುಜರಿಯವನಿಗೆ ಕೊಟ್ಟನು. ಮರುದಿನ ತಂತ್ರಾಂಶ ತೆರೆಯಲಿಲ್ಲ. ಆ ಆವೃತ್ತಿಯ ಮಾರಾಟ ನಿಂತು ಎಷ್ಟೋ ಕಾಲವಾಗಿತ್ತು. ಆ ನಡುವೆ ಸಾಗಣೆಪಟ್ಟಿಯ ಕಾವಲುಬಾಗಿಲಿನ ಸ್ವಿಚ್ಚೊಂದು ಕೆಟ್ಟಿತು. ಅದೇ ಮಾದರಿಯ ಸ್ವಿಚ್ಚು ಸಿಕ್ಕಲಿಲ್ಲ. ಸಿಕ್ಕಿದ ಬೇರೆ ಮಾದರಿಗೆ ನಿಯಮವನ್ನು ಒಂದಿಷ್ಟು ತಿದ್ದಬೇಕಾಗಿತ್ತು, ತಿದ್ದಲು ಸಾಧ್ಯವಿರಲಿಲ್ಲ. ಕೆಲಸ ನಿಲ್ಲಬಾರದೆಂದು ಆ ಸ್ವಿಚ್ಚಿನ ಎರಡು ತುದಿಗಳನ್ನು ಒಂದು ತಂತಿಯಿಂದ ಕೂಡಿಸಿದರು. ಎಂದರೆ, ಬಾಗಿಲು ತೆರೆದಿದ್ದರೂ ಯಂತ್ರಕ್ಕೆ ‘ಮುಚ್ಚಿದೆ’ ಎಂದೇ ಕಾಣುವುದು. ಆರು ವಾರಗಳ ಕಾಲ ಆ ತಂತಿ ಅಲ್ಲಿಯೇ ಇತ್ತು. ಯಾರ ಕೈಯೂ ಸಿಕ್ಕಿಕೊಳ್ಳಲಿಲ್ಲವೆಂಬುದು ಅದೃಷ್ಟ.

ಪರವಾನಗಿಯ ಇನ್ನೊಂದು ರೂಪ ಡಾಂಗಲ್ ಎಂಬ ಪುಟ್ಟ ತುಂಡು. ಇದನ್ನು ಗಣಕದ ಹಿಂಬದಿಯಲ್ಲಿ ಮುದ್ರಣಯಂತ್ರದ ದ್ವಾರಕ್ಕೆ ಸಿಕ್ಕಿಸಬೇಕು. ತಂತ್ರಾಂಶವು ಆಗಾಗ ಒಂದು ಸಂಖ್ಯೆಯನ್ನು ಅದಕ್ಕೆ ಕಳುಹಿಸುತ್ತದೆ; ತುಂಡಿನೊಳಗಿನ ಮಂಡಲವು ತನಗೆ ಮಾತ್ರ ತಿಳಿದ ಲೆಕ್ಕವನ್ನು ಮಾಡಿ ಉತ್ತರ ಕೊಡುತ್ತದೆ. ಉತ್ತರ ತಪ್ಪಾದರೆ, ಬಾರದಿದ್ದರೆ, ತಂತ್ರಾಂಶ ಮೌನ. ಇಲ್ಲಿ ಗುಂಡು ಕಣ್ಣಿಗೆ ಕಾಣುತ್ತದೆ, ಕೈಗೂ ಸಿಕ್ಕುತ್ತದೆ. ಆದರೆ ಹೊಸ ಗಣಕದಲ್ಲಿ ಅದನ್ನು ಸಿಕ್ಕಿಸಲು ದ್ವಾರವೇ ಇಲ್ಲ.

ಹೊಸದರ ದೋಷಗಳು

ಯು.ಎಸ್.ಬಿ. ದ್ವಾರಕ್ಕೆ ಜೋಡಿಸಿ ಮುದ್ರಣದ್ವಾರವನ್ನು ಪಡೆಯುವ ಅಗ್ಗದ ತಂತಿಗಳು ಅಂಗಡಿಯಲ್ಲಿ ಸಿಕ್ಕುತ್ತವೆಯಲ್ಲ ಎಂದು ತೋರಬಹುದು. ಅವು ಮುದ್ರಣಕ್ಕೆ ಸರಿ, ಡಾಂಗಲಿಗೆ ಅಲ್ಲ. ಹಳೆಯ ಪ್ರೋಗ್ರಾಮುಗಳು ಆ ದ್ವಾರವನ್ನು ಅದರ ವಿಳಾಸದಿಂದ ನೇರವಾಗಿ ಮುಟ್ಟುತ್ತಿದ್ದುವು. ಆ ವಿಳಾಸ ಹದಿನಾರರ ಮಾನದಲ್ಲಿ 378, ನಮ್ಮ ದಶಮಾನದಲ್ಲಿ 888. ಯು.ಎಸ್.ಬಿ. ತಂತಿಯ ತುದಿಯಲ್ಲಿರುವ ದ್ವಾರಕ್ಕೆ ಅಂಥ ವಿಳಾಸವೇ ಇರುವುದಿಲ್ಲ. ಅಲ್ಲದೆ ವಿಂಡೋಸ್ ಎನ್‌ಟಿ ವಂಶದ ವ್ಯವಸ್ಥೆಗಳೆಲ್ಲ, ಸಾಧಾರಣ ಪ್ರೋಗ್ರಾಮು ದ್ವಾರಗಳನ್ನು ನೇರವಾಗಿ ಮುಟ್ಟುವುದನ್ನೇ ನಿಷೇಧಿಸಿವೆ; ನಡುವೆ ಒಬ್ಬ ದ್ವಾರಪಾಲಕ ಬೇಕು, ಅವನಿಗೆ ಡ್ರೈವರ್ ಎಂದು ಹೆಸರು. ಹಳೆಯ ಡಾಂಗಲಿನ ದ್ವಾರಪಾಲಕನನ್ನು 64 ಬಿಟ್ಟಿನ ವಿಂಡೋಸಿಗೆ ಅನೇಕ ವೇಳೆ ಯಾರೂ ಬರೆದೇ ಇಲ್ಲ. 16 ಬಿಟ್ಟಿನ ಹಳೆಯ ಪ್ರೋಗ್ರಾಮುಗಳಂತೂ ಆ ವ್ಯವಸ್ಥೆಯಲ್ಲಿ ನಡೆಯುವುದೇ ಇಲ್ಲ.

ಹೊಸ ಗಣಕದ ವೇಗವೇ ಅದರ ದೋಷವಾಗುವುದೂ ಉಂಟು. ಇದು ವಿಚಿತ್ರವಾಗಿ ಕಂಡೀತು. ಉದಾಹರಣೆಯೊಂದನ್ನು ಬಿಡಿಸಿ ನೋಡೋಣ. 1990ರ ದಶಕದಲ್ಲಿ ಅನೇಕ ಪ್ರೋಗ್ರಾಮುಗಳನ್ನು ಟರ್ಬೊ ಪಾಸ್ಕಲ್ ಭಾಷೆಯಲ್ಲಿ ಬರೆದರು. ‘ಇಷ್ಟು ಹೊತ್ತು ಕಾದಿರು’ ಎಂಬ ಆಜ್ಞೆಗಾಗಿ ಆ ಭಾಷೆಯು ಮೊದಲು ಗಣಕದ ವೇಗವನ್ನು ಅಳೆದುಕೊಳ್ಳುತ್ತಿತ್ತು. ಗಡಿಯಾರದ ಒಂದು ಮಿಡಿತ ಸುಮಾರು 55 ಮಿಲಿಸೆಕೆಂಡು. ಅಷ್ಟರಲ್ಲಿ ಒಂದು ಬರಿಯ ಸುತ್ತು ಎಷ್ಟು ಸಲ ತಿರುಗಿತೆಂದು ಎಣಿಸಿ, ಆ ಸಂಖ್ಯೆಯನ್ನು 55ರಿಂದ ಭಾಗಿಸಿದರೆ ಒಂದು ಮಿಲಿಸೆಕೆಂಡಿನ ಲೆಕ್ಕ ಸಿಕ್ಕಿತು. ಭಾಗಲಬ್ಧವನ್ನು ಇಡಲು ಇದ್ದ ಜಾಗ 16 ಬಿಟ್ಟುಗಳು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 65,535. ಗಣಕದ ವೇಗ ಹೆಚ್ಚಿ, ಒಂದು ಮಿಡಿತದಲ್ಲಿ ಸುಮಾರು 36 ಲಕ್ಷಕ್ಕಿಂತ ಹೆಚ್ಚು ಸುತ್ತುಗಳು ಆಗತೊಡಗಿದೊಡನೆ ಭಾಗಲಬ್ಧವು ಆ ಜಾಗದಲ್ಲಿ ಹಿಡಿಸದಾಯಿತು. ಆಗ ಸಂಸ್ಕಾರಕವು, ಸೊನ್ನೆಯಿಂದ ಭಾಗಿಸಿದಾಗ ಕೂಗುವಂತೆಯೇ, ‘ದೋಷ 200’ ಎಂದು ಕೂಗಿ ನಿಲ್ಲುತ್ತಿತ್ತು. ಪ್ರೋಗ್ರಾಮಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಗಣಕ ಒಳ್ಳೆಯದಾಗಿತ್ತು, ಅಷ್ಟೆ. ಬೇರೆಯವರು ಬರೆದ ಸಣ್ಣ ತಿದ್ದುಪಡಿಗಳಿಂದ ಈ ರೋಗಕ್ಕೆ ಮದ್ದು ಸಿಕ್ಕಿತೆಂಬುದನ್ನೂ ಹೇಳಬೇಕು.

ಇನ್ನು ಪಿ.ಎಲ್.ಸಿ.ಯೊಡನೆ ಮಾತನಾಡುವ ತಂತಿ. ಗಣಕದ ಹಳೆಯ ಸರಣಿದ್ವಾರದಲ್ಲಿ 1 ಎಂಬುದನ್ನು ಋಣ 3ರಿಂದ ಋಣ 15 ವೋಲ್ಟುಗಳೂ, 0 ಎಂಬುದನ್ನು ಧನ 3ರಿಂದ ಧನ 15 ವೋಲ್ಟುಗಳೂ ಸೂಚಿಸುತ್ತವೆ. ಎಸ್ 5 ಯಂತ್ರದ ಭಾಷೆ ಬೇರೆ: 20 ಮಿಲಿಆಂಪಿಯರು ಪ್ರವಾಹ ಹರಿದರೆ 1, ನಿಂತರೆ 0. ನಡುವೆ ದುಭಾಷಿಯಂಥ ಪರಿವರ್ತಕವನ್ನು ಇಡಲೇಬೇಕು. ಹೊಸ ಗಣಕದಲ್ಲಿ ಸರಣಿದ್ವಾರವೂ ಇಲ್ಲದೆ ಯು.ಎಸ್.ಬಿ. ಮೂಲಕ ಹೋಗಬೇಕಾದಾಗ ದುಭಾಷಿಗಳು ಇಬ್ಬರಾಗುತ್ತಾರೆ. ಉತ್ತರವು ಕೆಲವು ಮಿಲಿಸೆಕೆಂಡು ತಡವಾಗುತ್ತದೆ. ಅಷ್ಟಕ್ಕೇ ಹಳೆಯ ತಂತ್ರಾಂಶ ‘ಎದುರಿಗೆ ಯಾರೂ ಇಲ್ಲ’ ಎಂದು ಮಾತು ನಿಲ್ಲಿಸಬಹುದು.

ಇಷ್ಟೆಲ್ಲ ಅಡಚಣೆಗಳಿಗೆ ಇಂದು ಹೆಚ್ಚಾಗಿ ಹೂಡುವ ಉಪಾಯ ಮಾಯಾಗಣಕ. ಹೊಸ ಗಣಕದೊಳಗೆ ಹಳೆಯದೊಂದನ್ನು ನಟಿಸುವ ಪ್ರೋಗ್ರಾಮು ಇದು. ಹಳೆಯ ವಿಂಡೋಸು ಅದರೊಳಗೆ ಕುಳಿತು ತಾನು ಇನ್ನೂ ಹಳೆಯ ಮನೆಯಲ್ಲಿಯೇ ಇದ್ದೇನೆಂದು ಭಾವಿಸುತ್ತದೆ. ಕಲ್ಪನೆ ಹೊಸದಲ್ಲ, ಐ.ಬಿ.ಎಂ. ಸಂಸ್ಥೆಯವರು 1960ರ ದಶಕದಲ್ಲಿಯೇ ಇದನ್ನು ದೊಡ್ಡ ಗಣಕಗಳಲ್ಲಿ ಸಾಧಿಸಿದ್ದರು. ಮೇಜಿನ ಮೇಲಿನ ಗಣಕಗಳಲ್ಲಿ ವಿ.ಎಂ.ವೇರ್ ಸಂಸ್ಥೆಯು 1999ರಲ್ಲಿ ಬಳಕೆಗೆ ತಂದಿತು. ಮಾಯಾಗಣಕದ ತಟ್ಟೆ ಎಂಬುದು ನಿಜವಾಗಿ ಒಂದು ದೊಡ್ಡ ಕಡತ. ಆ ಕಡತವನ್ನು ನಕಲು ಮಾಡಿದರೆ ಒಳಗಿನ ತಂತ್ರಾಂಶ, ಮೂಲಪ್ರತಿಗಳು, ಜೊತೆಗೆ ಅಡಗಿರುವ ಪರವಾನಗಿ, ಎಲ್ಲವೂ ಒಟ್ಟಿಗೆ ನಕಲಾಗುತ್ತವೆ.

ಎಂದರೆ ಒಂಟಿ ಹಳಿಗೆ ಎರಡು ಗುಂಡುಗಳು ಬಂದುವು! ಇದು ನ್ಯಾಯವೇ? ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣವು, ಗಣಕ ಪ್ರೋಗ್ರಾಮನ್ನು ನ್ಯಾಯವಾಗಿ ಹೊಂದಿದವನು ಅದು ಯಾವ ಕೆಲಸಕ್ಕಾಗಿ ದೊರೆತಿತೋ ಆ ಕೆಲಸಕ್ಕೆ ಬಳಸಲೂ, ನಷ್ಟವಾಗದಂತೆ ತಾತ್ಕಾಲಿಕ ರಕ್ಷಣೆಗಾಗಿಯೂ ಪ್ರತಿ ಮಾಡಿಕೊಳ್ಳಬಹುದೆಂದು ಹೇಳುತ್ತದೆ. 2012ರಲ್ಲಿ ಸೇರಿಸಿದ 65-ಎ ಪ್ರಕರಣವು, ಕೃತಿಸ್ವಾಮ್ಯವನ್ನು ಭಂಗಪಡಿಸುವ ಉದ್ದೇಶದಿಂದ ಬೀಗಗಳನ್ನು ಒಡೆಯುವುದನ್ನು ಅಪರಾಧವೆನ್ನುತ್ತದೆ. ಅಮೆರಿಕದಲ್ಲಿ 2006ರಲ್ಲಿ ಕೊಟ್ಟ ಒಂದು ವಿನಾಯಿತಿ ಗಮನಾರ್ಹವಾಗಿದೆ: ಡಾಂಗಲು ಕೆಟ್ಟು, ಅಂಥದನ್ನು ಈಗ ಯಾರೂ ತಯಾರಿಸುತ್ತಿಲ್ಲವಾದರೆ, ಅಥವಾ ಬದಲಿಯಾಗಲಿ ದುರಸ್ತಿಯಾಗಲಿ ಮಾರುಕಟ್ಟೆಯಲ್ಲಿ ದೊರೆಯದಿದ್ದರೆ, ಆ ಬೀಗವನ್ನು ದಾಟಿಹೋಗುವುದು ತಪ್ಪಲ್ಲ ಎಂದು. ನನ್ನ ಅಭಿಪ್ರಾಯದಲ್ಲಿ ಇದು ವಿವೇಕದ ಮಾತು. ಮಾರಿದವನು ಬೀಗವನ್ನು ಜಡಿದ ಮೇಲೆ, ಬೀಗದ ಕೈಯನ್ನು ಕಾಲಕಾಲಕ್ಕೆ ಒದಗಿಸುವ ಹೊಣೆಯೂ ಅವನದೇ. ಆದರೆ ಎರಡನೆಯ ಪ್ರತಿಯನ್ನು ಕಪಾಟಿನಲ್ಲಿ ಇಡುವುದಕ್ಕೂ, ಎರಡನ್ನೂ ಒಟ್ಟಿಗೆ ನಡೆಸುವುದಕ್ಕೂ ವ್ಯತ್ಯಾಸವಿದೆ. ಕರಾರನ್ನು ಓದಿಯೇ ಮುಂದುವರಿಯಬೇಕು.

ಕೆಲಸದ ಕ್ರಮವನ್ನು ಹೇಳುವುದಾದರೆ, ಮೊದಲು ಹಳೆಯ ತಟ್ಟೆಯ ಸಂಪೂರ್ಣ ಪ್ರತಿಬಿಂಬವನ್ನು, ಕಡತಗಳನ್ನಲ್ಲ, ಖಂಡ ಖಂಡವಾಗಿ ತೆಗೆದು ಎರಡು ಕಡೆ ಇಡುತ್ತಾರೆ. ಪ್ರತಿಬಿಂಬ ಸಿದ್ಧವಾಗುವವರೆಗೆ ಹಳೆಯ ಗಣಕದಲ್ಲಿ ಹೊಸದಾಗಿ ಏನನ್ನೂ ಬರೆಯುವುದಿಲ್ಲ. ಅನಂತರ ಪರವಾನಗಿಯನ್ನು ತಯಾರಕರ ಪ್ರೋಗ್ರಾಮಿನಿಂದಲೇ ಹೊರತೆಗೆದು ಹೊಸದಕ್ಕೆ ಸಾಗಿಸುತ್ತಾರೆ. ಗಣಕದ ಜಾಲವಿಳಾಸಕ್ಕೋ ತಟ್ಟೆಯ ಸಂಖ್ಯೆಗೋ ಕಟ್ಟಿದ ಪರವಾನಗಿಯಾದರೆ ತಯಾರಕರಿಗೆ ಬರೆದು ಹೊಸ ಸಂಖ್ಯೆಯನ್ನು ಪಡೆಯಬೇಕು. ಸಾಗಣೆಯ ಪೆನ್ ಡ್ರೈವು ಹೊಸದಾಗಿರಬೇಕು, ಬೇರೆ ಕೆಲಸಕ್ಕೆ ಬಳಸಿದ್ದಾಗಿರಬಾರದು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶವು ಇಂಥ ಡ್ರೈವುಗಳ ಮೂಲಕವೇ ಹರಡಿ, ಸ್ಟೆಪ್ 7 ಇರುವ ಗಣಕಗಳನ್ನು ಹುಡುಕಿ, ತಂತ್ರಾಂಶಕ್ಕೂ ಪಿ.ಎಲ್.ಸಿ.ಗೂ ನಡುವೆ ಕುಳಿತು ಸುಳ್ಳು ಹೇಳುತ್ತಿತ್ತು.

ಕೊನೆಗೆ ಪರೀಕ್ಷೆ. ಹೊಸ ಗಣಕವನ್ನು ಜೋಡಿಸಿದೊಡನೆ ಪಿ.ಎಲ್.ಸಿ.ಗೆ ಏನನ್ನೂ ಬರೆಯದೆ, ಅದರೊಳಗಿರುವ ನಿಯಮಗಳನ್ನು ಓದಿ ಮೂಲಪ್ರತಿಯೊಡನೆ ಹೋಲಿಸಬೇಕು. ಅನೇಕ ಕಡೆ ಎರಡಕ್ಕೂ ವ್ಯತ್ಯಾಸ ಕಾಣುತ್ತದೆ: ಎಂದೋ ಮಧ್ಯರಾತ್ರಿ ಯಾರೋ ಮಾಡಿದ ತಿದ್ದುಪಡಿ ಮೂಲಪ್ರತಿಗೆ ಸೇರಿಯೇ ಇರುವುದಿಲ್ಲ. ಅದನ್ನು ಅರ್ಥಮಾಡಿಕೊಳ್ಳದೆ ಹಳೆಯ ಮೂಲಪ್ರತಿಯನ್ನು ತುಂಬಿದರೆ, ಐದು ವರ್ಷಗಳ ಹಿಂದೆ ಸರಿಪಡಿಸಿದ ತಪ್ಪು ಮತ್ತೆ ಜೀವ ಪಡೆಯುತ್ತದೆ.

ಇಷ್ಟು ಕಷ್ಟವೇಕೆ, ಎಲ್ಲವನ್ನೂ ಕಿತ್ತು ಹೊಸದನ್ನು ಹಾಕಬಾರದೇಕೆ ಎಂಬುದಕ್ಕೆ ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದ ಮ್ಯೂನಿ ರೈಲು ಉತ್ತರ ಕೊಡುತ್ತದೆ. ಅದರ ಸುರಂಗದಲ್ಲಿ ಗಾಡಿಗಳನ್ನು ನಡೆಸುವ ವ್ಯವಸ್ಥೆ 1998ರದು; ಅದಕ್ಕೆ ಬೇಕಾದ ಪ್ರೋಗ್ರಾಮನ್ನು ಐದೂಕಾಲು ಅಂಗುಲದ ಫ್ಲಾಪಿಗಳಿಂದ ಪ್ರತಿದಿನ ಬೆಳಗ್ಗೆ ತುಂಬುವ ಪದ್ಧತಿ 2024ರಲ್ಲಿಯೂ ನಡೆದಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಹೊಸ ವ್ಯವಸ್ಥೆಗಾಗಿ ಹಿಟಾಚಿ ರೈಲ್ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದದ ಮೊತ್ತ 21 ಕೋಟಿ 20 ಲಕ್ಷ ಡಾಲರು.

ಹೊಸ ಗಣಕ ಕೆಲಸಕ್ಕೆ ನಿಂತ ಮೇಲೂ ಹಳೆಯದನ್ನು ಒಂದು ವರ್ಷವಾದರೂ ಉಗ್ರಾಣದಲ್ಲಿ ಇಟ್ಟಿರುವುದು ವಾಡಿಕೆ. ಇಡುವ ಮೊದಲು ಒಂದು ಕೆಲಸ ಮಾಡಬೇಕು. ಹಳೆಯ ಗಣಕಗಳು ತಮ್ಮ ತಟ್ಟೆಯ ವೃತ್ತಪಥಗಳೆಷ್ಟು, ಮುಖಗಳೆಷ್ಟು, ಖಂಡಗಳೆಷ್ಟು ಎಂಬುದನ್ನು ಪುಟ್ಟ ಬ್ಯಾಟರಿಯ ಬಲದಿಂದ ನೆನಪಿಟ್ಟುಕೊಂಡಿರುತ್ತವೆ. ಬ್ಯಾಟರಿ ಸತ್ತರೆ ತಮ್ಮ ತಟ್ಟೆಯನ್ನೇ ಗುರುತಿಸಲಾರವು. ಆ ಮೂರು ಸಂಖ್ಯೆಗಳನ್ನು ಪರದೆಯಿಂದ ನೋಡಿ ಒಂದು ಚೀಟಿಯಲ್ಲಿ ಬರೆದು, ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಬೇಕು.